ಏರಿನಲ್ಲಿ ತೂಗಿಹಿಡಿದವರು

ಮಾರ್ಚ್ 3, ಸೋಮವಾರ

ಮಂಚದವನ ಮುಂದೆ ತಟ್ಟೆ ಇಟ್ಟು ಬಂದೆ. ಅವನು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಒಡಹುಟ್ಟಿದ ಅಣ್ಣ ಎಂದು ಹೇಳಿಕೊಳ್ಳಲು ನಾಲಿಗೆ ಏಳದಿರುವಾಗ ಮಾತು ಎಲ್ಲಿಂದ ಬಂದೀತು? ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಾಳೆ. ಈ ಮನೆಯಲ್ಲಿ ಈಗ ಗಟ್ಟಿಯಾಗಿ ಮಾತಾಡುವುದು ಪಾತ್ರೆಗಳು ಮಾತ್ರ.

ಕಲ್ಲುಕ್ವಾರಿಯ ಶೆಡ್ಡಿನಲ್ಲಿ ನನ್ನ ಬಾಯಿಗೆ ಕೆಲಸವಿಲ್ಲ. ವೆಲ್ಡಿಂಗ್ ಮುಖವಾಡ ಹಾಕಿಕೊಂಡವಳ ಮಾತು ಯಾರಿಗೆ ಕೇಳುತ್ತದೆ? ಅದಕ್ಕೇ ಇಲ್ಲಿ ಬರೆಯುತ್ತೇನೆ. ಉಗಿಯಲು ಒಂದು ಜಾಗ ಬೇಕು.

ಇವತ್ತು ಸೂಪರ್‌ವೈಸರ್ ಬಂದು ಕೋಣನ ಬಾನೆಟ್ಟಿನ ಮೇಲೆ ಕೈಯಿಟ್ಟು, ಮನೆಯವರನ್ನು ಕಳಕೊಂಡವನ ಹಾಗೆ ನಿಟ್ಟುಸಿರು ಬಿಟ್ಟ. "ಒಳ್ಳೆ ಗಾಡಿ ಕಣಮ್ಮ. ನಿನ್ನಣ್ಣ ಕೆಡಿಸಿದ."

ಕೋಣ ಎಂದರೆ ನಮ್ಮ ಲಾರಿ. ಸೈನ್ಯದವರು ಹರಾಜಿಗೆ ಹಾಕಿದ್ದನ್ನು ಕ್ವಾರಿಯ ಧಣಿ ತಂದದ್ದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಕ್ಲಚ್ ಇಲ್ಲ, ಗೇರು ತಾನೇ ಬೀಳುತ್ತದೆ. ಬೆಳಿಗ್ಗೆ ನಮ್ಮನ್ನೆಲ್ಲ ತುಂಬಿಕೊಂಡು ಕ್ವಾರಿಯ ತಳಕ್ಕೆ ಇಳಿಯುತ್ತದೆ, ಸಂಜೆ ಏರು ಹತ್ತಿ ಗೇಟಿನಾಚೆ ಸುರಿಯುತ್ತದೆ. ಚಳಿಗಾಲದ ಕೊನೆಯಲ್ಲಿ ಒಂದು ಸಂಜೆ, ಏರಿನ ತುದಿಯಲ್ಲಿ, ಗೇಟು ತೆರೆಯಲೆಂದು ನಿಂತಿದ್ದಾಗಲೇ ಹಿಡಿತ ತಪ್ಪಿತು. ಕೋಣ ಹಿಂದಕ್ಕೆ ಜಾರಿ ಬಂಡೆಗೋಡೆಗೆ ಬಡಿಯಿತು. ಮಂಚದವನೇ ಡ್ರೈವರ್. ಅವನ ಎಡಗಾಲು ಮೊಣಕಾಲಿನಿಂದ ಹೋಯಿತು. ಕಲ್ಲು ಒಡೆಯುವ ಸುತ್ತಿಗೆಜ್ಜಿಯ ಮಗಳ ಜೀವವೇ ಹೋಯಿತು. ಡ್ರೈವರ್ ಮೈಮರೆತಿದ್ದ, ಆಕ್ಸಿಲರೇಟರ್ ಮೇಲಿನ ಕಾಲು ಜಾರಿತು, ಗೇರ್‌ಬಾಕ್ಸೂ ಅದರಿಂದಲೇ ಕೆಟ್ಟಿತು ಎಂದು ಆಫೀಸಿನವರು ಹೇಳಿದರು. ಆಮೇಲೆ ಎಲ್ಲರೂ ಅದನ್ನೇ ಹೇಳಿದರು.

"ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿಸಿದೀವಿ. ಇನ್ಮುಂದೆ ಅದರ ಆಯಿಲ್ ಕುದೀಬಾರ್ದು ಅಂದ್ರೆ ಕೂಲರ್ ಹಾಕ್ಬೇಕಂತೆ. ನೀನೇ ನೋಡಿ ಹಾಕು. ಈ ತಿಂಗಳೊಳಗೆ ಜನ ಹತ್ಬೇಕು," ಎಂದ ಸೂಪರ್‌ವೈಸರ್.

"ಓಡ್ಸೋರು ಯಾರು ಸಾರ್?"

"ಹಾಕಿದೋಳೇ ಓಡ್ಸು. ಬೇರೆ ಯಾರೂ ಆ ಸೀಟಲ್ಲಿ ಕೂರಲ್ಲ ಅಂತಾರೆ. ನಿಮ್ಮನೆಯೋರು ಕೆಡಿಸಿದ್ದನ್ನ ನಿಮ್ಮನೆಯೋರೇ ಸರಿ ಮಾಡ್ಬೇಕು."

ಆಗಲಿ ಎಂದೆ. ಇನ್ನೇನು ಅನ್ನಲಿ? ಮನೆಯಲ್ಲಿ ದುಡಿಯುವ ಕೈ ಈಗ ನನ್ನದೊಂದೇ.

ಮಾರ್ಚ್ 5, ಬುಧವಾರ

ಗೇರ್‌ಬಾಕ್ಸಿನಿಂದ ಇಳಿಸಿದ ಹಳೇ ಆಯಿಲ್ ಮೂಲೆಯ ಡಬ್ಬದಲ್ಲಿ ಹಾಗೇ ಬಿದ್ದಿತ್ತು. ಮುಚ್ಚಳ ತೆಗೆದು ಮೂಸಿದೆ. ಹೊಸತಿದ್ದಾಗ ಈ ಆಯಿಲ್ ನೆತ್ತರಿನಷ್ಟು ಕೆಂಪು. ಇದು ತಳ ಹತ್ತಿದ ಪಾತ್ರೆಯನ್ನು ತೊಳೆದ ನೀರು. ಕಪ್ಪು, ಕಮಟು, ಬೆರಳಿಗೆ ಅಂಟಿದರೆ ಸೋಪಿಗೂ ಹೋಗದು. ಒಂದು ಸಂಜೆ ಕಾಲು ಜಾರಿದ್ದಕ್ಕೆ ಆಯಿಲ್ ಇಷ್ಟು ಸೀಯುತ್ತದೆಯೇ? ಗೊತ್ತಿಲ್ಲ. ಮುಚ್ಚಳ ಹಾಕಿಟ್ಟೆ.

ಸೂಪರ್‌ವೈಸರ್ ಎಲ್ಲಿಂದಲೋ ಒಂದು ಕೂಲರ್ ತಂದಿದ್ದ. ಬಾಚಣಿಗೆಯಷ್ಟು ತೆಳು.

"ಇದು ಕಾರಿಂದು ಸಾರ್."

"ಕೂಲರ್ ಅಂದ್ರೆ ಕೂಲರ್. ದೊಡ್ಡದೇನು, ಸಣ್ಣದೇನು?"

"ಕೋಣನಿಗೆ ಕರುವಿನ ಮೂಗುದಾರ ಹಾಕಿದ ಹಾಗಾಗತ್ತೆ."

"ಬಾಯಿ ಮಾತ್ರ ಮನೆತನದ್ದೇ," ಎಂದು ಗೊಣಗಿಕೊಂಡು ಹೋದ.

ಕೂಲರ್‌ನಲ್ಲಿ ಎರಡು ಜಾತಿ. ಕೊಳವೆಯನ್ನು ಹಾವಿನ ಹಾಗೆ ಬಳುಕಿಸಿ, ಅದಕ್ಕೆ ತಗಡಿನ ರೆಕ್ಕೆ ಹೊದಿಸಿದ್ದು ಒಂದು. ತೆಳ್ಳನೆಯ ಪದರಗಳನ್ನು ಒಂದರ ಮೇಲೊಂದು ಪೇರಿಸಿ, ಒಳಗೆ ಆಯಿಲ್ ಹರಿಯಲು ಬಿಟ್ಟು, ನಡುವೆ ಗಾಳಿಗೆ ದಾರಿ ಮಾಡಿದ್ದು ಇನ್ನೊಂದು. ಜನ ತುಂಬಿಕೊಂಡು ಏರು ಹತ್ತುವ ಗಾಡಿಗೆ ಎರಡನೆಯದೇ ಆಗಬೇಕು. ಅದೂ ದೊಡ್ಡದು.

ಮಾರ್ಚ್ 6, ಗುರುವಾರ

ಗುಜರಿಗೆ ಹೋಗಿದ್ದೆ. ಗುಜರಿಯವನು ಒಂದು ಕ್ರೇನಿನ ಕೂಲರ್ ತೆಗೆದು ತೋರಿಸಿದ. ಅಳತೆ ಸರಿ, ಪದರಗಳೂ ಗಟ್ಟಿ. ಒಂದು ಬಾಯಿಗೆ ಡೀಸೆಲ್ ಸುರಿದು ಇನ್ನೊಂದು ಬಾಯಿಂದ ಬಿಳಿ ಬಟ್ಟೆಯ ಮೇಲೆ ಇಳಿಸಿದೆ. ಬಟ್ಟೆಯಲ್ಲಿ ಮಿಣಮಿಣ.

"ಏನಪ್ಪಾ ಇದು?"

"ಧೂಳು ಕಣಕ್ಕ. ತೊಳೆದ್ರೆ ಹೋಗತ್ತೆ."

"ಧೂಳು ಹೊಳೆಯತ್ತಾ? ಆ ಕ್ರೇನಿನ ಗೇರ್‌ಬಾಕ್ಸ್ ಪುಡಿಯಾಗಿ ಸತ್ತಿದೆ. ಅದರ ಹಲ್ಲಿನ ಪುಡಿ ಸಂದಿಸಂದೀಲಿ ಕೂತಿದೆ. ಹೆಣದ ಹಲ್ಲು ಕಿತ್ತು ಬದುಕಿರೋರ ಬಾಯಿಗೆ ಕಟ್ತೀಯಲ್ಲೋ."

ಅವನು ನಕ್ಕು, ಒಳಗಿನ ಅಟ್ಟದಿಂದ ಇನ್ನೊಂದನ್ನು ಇಳಿಸಿದ. ಯಾರಿಗೋ ಎಂದು ತರಿಸಿ ಉಳಿದುಬಿಟ್ಟದ್ದು. ಬಾಯಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು. ಬೆನ್ನಿಗೆ ಕೂರಿಸಲು ಫ್ಯಾನ್ ಕೂಡ ಜೊತೆಗಿತ್ತು. ಇದೇ, ಎಂದೆ.

"ನಿಮ್ಮಣ್ಣನೂ ಇದೇ ಅಂದಿದ್ರು," ಎಂದ ಗುಜರಿಯವನು ಧೂಳು ಒರೆಸುತ್ತಾ. "ಮಳೆಗಾಲ ಮುಗಿದ ಹೊಸದ್ರಲ್ಲಿ ಬಂದು, ತಿರುಗಿಸಿ ಮುರುಗಿಸಿ ನೋಡಿ, ಎತ್ತಿಡು ಮಾರಾಯ ಅಂದ್ರು. ಆಮೇಲೆ ಆಫೀಸಿನೋರು ಬೇಡ ಅಂದ್ರಂತೆ. ನಾನೂ ಮರೆತೆ."

ಬಿಲ್ಲನ್ನು ಆಫೀಸಿಗೆ ಕಳಿಸು ಎಂದು ಹೇಳಿ, ಕೂಲರ್ ಹೊತ್ತು ಬಂದೆ. ಸೂಪರ್‌ವೈಸರ್ ಹುಬ್ಬು ಗಂಟಿಕ್ಕಿದ. ಒಂದು ಹೆಣ ಬಿದ್ದ ಮೇಲೆ ಆಫೀಸಿನವರ ಕೈ ಸ್ವಲ್ಪ ಸಡಿಲವಾಗುತ್ತದೆ. ಬೇಡ ಅನ್ನಲಿಲ್ಲ.

ಮಾರ್ಚ್ 9, ಭಾನುವಾರ

ರಜೆ. ಮಂಚದವನಿಗೆ ಸ್ನಾನ ಮಾಡಿಸಲು ಅತ್ತಿಗೆ ಕರೆದಳು. ಬಕೆಟ್ ಇಟ್ಟು ಹೊರಗೆ ಬಂದೆ. ಗುಜರಿಯವನು ಹೇಳಿದ್ದು ನಿಜವೇ ಎಂದು ಅವನನ್ನು ಕೇಳಬೇಕು ಅಂದುಕೊಂಡಿದ್ದೆ. ಕೇಳಲಿಲ್ಲ.

ನಿದ್ದೆ ಸಾಲದು. ಗೋಡೆಯಾಚೆ ಅವನ ಮಂಚದ ಕಾಲುಕಡೆಯ ಹಲಗೆ ಕಿರ್ ಕಿರ್ ಎನ್ನುತ್ತಲೇ ಇರುತ್ತದೆ. ಸುಮ್ಮನೆ ಬಿದ್ದಿರಲೂ ಬರುವುದಿಲ್ಲ ಅವನಿಗೆ.

ಮಾರ್ಚ್ 11, ಮಂಗಳವಾರ

ಕೂಲರನ್ನು ಎಲ್ಲಿ ಕೂರಿಸುವುದು? ಸೂಪರ್‌ವೈಸರ್‌ನದು ಒಂದೇ ಹಾಡು: ರೇಡಿಯೇಟರಿನ ಮುಂದೆ ಕಟ್ಟು, ಧಣಿ ಬಂದಾಗ ಕಾಣಬೇಕು. ಮುಂದೆ ಕಟ್ಟಿದರೆ ಕೂಲರಿನ ಬಿಸಿಗಾಳಿ ರೇಡಿಯೇಟರಿಗೆ ಹೊಡೆದು ಎಂಜಿನ್ ಕುದಿಯುತ್ತದೆ. ಮೇಲಾಗಿ ನಮ್ಮ ಏರಿನಲ್ಲಿ ಕೋಣ ತೆವಳುತ್ತದೆ. ತೆವಳುವ ಗಾಡಿಗೆ ಎದುರುಗಾಳಿ ಎಲ್ಲಿಂದ ಬರಬೇಕು? ಕ್ಯಾಬಿನ್ನಿನ ಹಿಂದೆ, ಗಾಡಿಯ ಅಡಿಚೌಕಟ್ಟಾದ ಚಾಸಿಯ ಮೇಲೆ, ಚಕ್ರ ಎರಚುವ ಕಲ್ಲು ತಾಗದ ಎತ್ತರಕ್ಕೆ ಕೂರಿಸಿ, ಫ್ಯಾನ್ ಕೊಟ್ಟು, ಮುಂದೆ ಜಾಲರಿ ಹಾಕಬೇಕು. ಧಣಿಗೆ ಕಾಣದಿದ್ದರೆ ಬೇಡ. ಧಣಿ ಏರಿನಲ್ಲಿ ಕೂರುವವನಲ್ಲ.

ಗುರುತು ಹಾಕುತ್ತಿದ್ದಾಗ ಬೆನ್ನ ಹಿಂದೆ ಕೆಮ್ಮು ಕೇಳಿತು. ಸುತ್ತಿಗೆಜ್ಜಿ. ನನ್ನ ಕೈಯಿಂದ ಸೀಮೆಸುಣ್ಣ ಬಿತ್ತು. ಮಗಳು ಹೋದಂದಿನಿಂದ ಅವಳ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದೆ.

"ಏನೇ ಸ್ಪ್ಯಾನರಕ್ಕ, ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ. ನೀನು ಕೋಣನ ಹಿಂದೆ ಫ್ಯಾನ್ ಹಾಕ್ತೀಯಂತೆ?"

ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. "ಸೆಕೆ ಅಂತೆ ಅಜ್ಜಿ ಅದಕ್ಕೆ."

"ಸೆಕೆ ಅದಕ್ಕೊಂದಕ್ಕೇನಾ?" ಸೀಮೆಸುಣ್ಣ ಎತ್ತಿ ಕೈಗೆ ಕೊಟ್ಟಳು. ಹೋಗುವಾಗ ತಿರುಗಿ ನಿಂತಳು. "ನಿಮ್ಮಣ್ಣ ಹೇಗಿದಾನೆ? ಸ್ಟೇರಿಂಗ್ ಗೋಡೆ ಕಡೆ ತಿರುಗಿಸದೇ ಇದ್ದಿದ್ರೆ ಅಷ್ಟೂ ಜನ ತಳ ಸೇರ್ತಿದ್ವು ಕಣೇ. ಅವನ ಕಡೆ ಗೋಡೆ ಬಡೀಲಿ ಅಂತ ತಿರುಗಿಸಿದ. ನಾನೂ ಲಾರಿ ಮೇಲೇ ಇದ್ನಲ್ಲ, ನೋಡ್ದೆ. ಕೇಳಿದೆ ಅಂತ ಹೇಳು."

ಹೇಳಲಿಲ್ಲ. ಆದರೆ ತಟ್ಟೆ ಇಟ್ಟ ಮೇಲೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ, ಕಾರಣವಿಲ್ಲದೆ.

ಮಾರ್ಚ್ 14, ಶುಕ್ರವಾರ

ಥೂ. ನನ್ನ ಕೈಗೇ ಬೆಂಕಿ ಹಾಕ.

ಬ್ರ್ಯಾಕೆಟ್ ಮಾಡಿ ಚಾಸಿಗೆ ವೆಲ್ಡಿಂಗ್ ಹೊಡೆದಿದ್ದೆ. ನನ್ನ ವೆಲ್ಡಿಂಗ್ ಎಂದರೆ ಬಂಡೆ. ಅದಕ್ಕೆ ಕೂಲರಿನ ನಾಲ್ಕು ಮೂಲೆಯ ಬೋಲ್ಟಿನ ಕಿವಿಗಳನ್ನು ಬಿಗಿದಿದ್ದೆ. ಎಂಜಿನ್ ಓಡಿಸಿ, ಗೇರ್‌ಬಾಕ್ಸಿನಿಂದ ರೇಡಿಯೇಟರಿಗೆ ಹೋಗುವ ಪೈಪು ಯಾವುದು, ತಣ್ಣಗಾಗಿ ವಾಪಸು ಬರುವುದು ಯಾವುದು ಎಂದು ಮುಟ್ಟಿ ತಿಳಿದುಕೊಂಡು, ವಾಪಸಿನ ದಾರಿಯಲ್ಲಿ ಕೂಲರನ್ನು ಸೇರಿಸಿದ್ದೆ. ಆಯಿಲಿಗೆಂದೇ ಬರುವ ರಬ್ಬರ್ ಹೋಸು, ಎರಡೆರಡು ಕ್ಲಿಪ್ಪು. ಎಲ್ಲ ಸರಿ. ಖಾಲಿ ಗಾಡಿಯನ್ನು ತಳಕ್ಕೆ ಇಳಿಸಿ ಹತ್ತಿಸಿದೆ. ಹೊಂಡದಲ್ಲಿ ಒಂದು ಚಕ್ರ ಇಳಿದು ಇನ್ನೊಂದು ಎದ್ದಿತು. ಟಣ್ ಎಂದಿತು. ಇಳಿದು ನೋಡಿದರೆ ಕೂಲರಿನ ಕಿವಿಯ ಬುಡದಲ್ಲಿ ಬಿರುಕು, ಕೆಂಪು ಆಯಿಲ್ ತೊಟ್ಟಿಕ್ಕುತ್ತಿದೆ. ನನ್ನ ವೆಲ್ಡಿಂಗ್ ಮಾತ್ರ ಹಾಗೇ ನಿಂತಿದೆ, ಮಹಾರಾಣಿ!

ಸೂಪರ್‌ವೈಸರ್ ಹಲ್ಲು ಕಿರಿದ. "ಹೆಂಗಸರ ಕೈಗೆ ಗಾಡಿ ಕೊಟ್ರೆ ಹೀಗೇ." ಗಂಡಸರ ಕೈಯಲ್ಲಿದ್ದಾಗ ಏನಾಯಿತು ಎಂದು ಕೇಳುವವಳಿದ್ದೆ. ಯಾವ ಬಾಯಲ್ಲಿ ಕೇಳಲಿ?

ಮನೆಗೆ ಬಂದು ತಟ್ಟೆ ಇಡುವಾಗ ಮಂಚದವನ ಕಣ್ಣು ನನ್ನ ತೋಳಿನ ಕೆಂಪು ಆಯಿಲ್ ಕಲೆಯ ಮೇಲೆ ನಿಂತಿತು.

"ವೆಲ್ಡಿಂಗ್ ಹಾಕಿದ್ಯಾ?"

ಆಸ್ಪತ್ರೆಯಿಂದ ಬಂದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು. ಕೂಲರಿನ ಸುದ್ದಿ ಅತ್ತಿಗೆ ಹೇಳಿರಬೇಕು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

"ಹೂಂ."

"ಕೋಣ ಮೈ ಮುರಿಯತ್ತೆ. ಹೊಂಡಕ್ಕಿಳಿದ್ರೆ ಚಾಸಿ ಬಟ್ಟೆ ಹಿಂಡಿದ ಹಾಗೆ ತಿರುಚತ್ತೆ. ಅದರ ಜೊತೆ ಕೂಲರನ್ನೂ ಹಿಂಡಿದ್ದೀಯಾ. ರಬ್ಬರ್ ಬುಷ್ ಇಟ್ಟು ತೂಗುಹಾಕು. ಸ್ವಲ್ಪ ಓಲಾಡೋಕೆ ಬಿಡು ಅದನ್ನ."

ಅಷ್ಟು ಹೇಳಿ ಗೋಡೆಗೆ ಮುಖ ಮಾಡಿದ.

ಮಾರ್ಚ್ 15, ಶನಿವಾರ

ಬಿರುಕನ್ನು ಪೇಟೆಯ ಅಲ್ಯೂಮಿನಿಯಂ ವೆಲ್ಡಿಂಗಿನವನ ಹತ್ತಿರ ಮುಚ್ಚಿಸಿ, ಕೂಲರೊಳಗೆ ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ನೋಡಿದೆ. ಗುಳ್ಳೆ ಇಲ್ಲ. ಎಂಜಿನ್ ಕೂರಿಸುವ ಹಳೇ ರಬ್ಬರ್ ಕೊಯ್ದು ಬುಷ್ ಮಾಡಿದೆ. ಮೇಲೆ ಎರಡು, ಕೆಳಗೆ ನಡುವೆ ಒಂದೇ, ಚಾಸಿ ತಿರುಚಿದರೂ ಕೂಲರನ್ನು ಎಳೆಯದ ಹಾಗೆ. ಹೋಸುಗಳಿಗೂ ಒಂದಿಷ್ಟು ಸಡಿಲ ಬಿಟ್ಟೆ. ಕೈಯಿಂದ ಅಲುಗಿಸಿದರೆ ಕೂಲರ್ ತಲೆ ಅಲ್ಲಾಡಿಸುತ್ತದೆ.

ಸಂಜೆ ಅವನಿಗೆ ಬುಷ್ಷಿನ ಒಂದು ತುಂಡು ತಂದು ತೋರಿಸಿದೆ. ಹಿಸುಕಿ ನೋಡಿ, "ಗಟ್ಟಿಯಾಯ್ತು. ಆದ್ರೂ ಪರವಾಗಿಲ್ಲ," ಎಂದ. ಊಟ ಮುಗಿಯುವವರೆಗೆ ಮಂಚದ ತುದಿಯಲ್ಲಿ ಕೂತಿದ್ದೆ, ತಟ್ಟೆ ತೆಗೆದುಕೊಂಡು ಹೋಗಬೇಕಿತ್ತಲ್ಲ.

ಮಾರ್ಚ್ 18, ಮಂಗಳವಾರ

ಕೋಣನಿಗೆ ಕಲ್ಲು ಹೇರಿ, ಜನರಷ್ಟೇ ಭಾರ ಮಾಡಿ, ಏರು ಹತ್ತಿಸಿದೆ. ಗೇಟು ತೆರೆದಿತ್ತು, ನಿಲ್ಲದೆ ದಾಟಿದೆ. ಆಯಿಲಿನ ಬಿಸಿ ತೋರಿಸಲು ಹಾಕಿದ ಮೀಟರಿನ ಮುಳ್ಳು ಹಸಿರು ಬಿಟ್ಟು ಅಲುಗಲಿಲ್ಲ. ಮತ್ತೆ ಇಳಿಸಿ ಹತ್ತಿಸಿದೆ. ಹಸಿರೇ. ನಾನೊಬ್ಬಳೇ ಕ್ಯಾಬಿನ್ನಿನಲ್ಲಿ ನಕ್ಕೆ. ಎಷ್ಟು ದಿನವಾಗಿತ್ತೋ.

ಮೂರನೇ ಸಲ ಗೇಟು ಮುಚ್ಚಿತ್ತು. ಕಾವಲುಗಾರ ಕೈ ಅಡ್ಡ ಹಿಡಿದ. ಅವನಿಗೆ ಎಲ್ಲರೂ ಸೀಟಿ ಎನ್ನುತ್ತಾರೆ. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ ನೇತಾಡುತ್ತದೆ. ಅವನು ಊದುವವರೆಗೆ ಗಾಡಿ ಕದಲುವಂತಿಲ್ಲ, ಯಾರೂ ಇಳಿಯುವಂತಿಲ್ಲ.

"ಖಾಲಿ ಗಾಡಿ ಕಣೋ, ಕಲ್ಲಷ್ಟೇ!"

"ರೂಲ್ಸು ಅಂದ್ರೆ ರೂಲ್ಸು."

ಕಾಲುಬ್ರೇಕ್ ಒತ್ತಿ ನಿಂತೆ. ಅದರ ಗಾಳಿ ಸೋರುತ್ತದೆ, ಪೆಡಲು ಮೆತ್ತಗಾಗುತ್ತಾ ಬಂತು. ಹ್ಯಾಂಡ್‌ಬ್ರೇಕಿನ ಜಾಗದಲ್ಲಿ ಬರೀ ಹಿಡಿ, ಎಳೆದರೆ ಕೈಗೇ ಬರುತ್ತದೆ. ಕೋಣ ಹಿಂದಕ್ಕೆ ಒಂದು ಗೇಣು ಜಾರಿತು. ಗೊತ್ತಿಲ್ಲದೆಯೇ ಬಲಗಾಲು ಆಕ್ಸಿಲರೇಟರ್ ಒತ್ತಿತು. ಮುಂದೆ ಹೋಗದ ಹಾಗೆ, ಹಿಂದೆ ಬರದ ಹಾಗೆ, ಎಂಜಿನ್ನಿನ ಬಲದಲ್ಲೇ ಏರಿನಲ್ಲಿ ತೂಗಿಹಿಡಿದೆ. ಡ್ರೈವರುಗಳು ಇದನ್ನು ದೊಡ್ಡ ವಿದ್ಯೆ ಎಂದು ಮೀಸೆ ತಿರುವುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ತೂಗುತ್ತಿದ್ದವನು ನನ್ನ ಅಣ್ಣ.

ಮುಳ್ಳು ಎದ್ದಿತು. ಹಸಿರು ದಾಟಿತು, ಹಳದಿಗೆ ಬಂತು. ಫ್ಯಾನ್ ಅರಚುತ್ತಿತ್ತು. ಚಕ್ರ ತಿರುಗದೆ ಎಂಜಿನ್ ದುಡಿದರೆ ಆ ದುಡಿಮೆಯೆಲ್ಲ ಗೇರ್‌ಬಾಕ್ಸಿನ ಆಯಿಲಿನಲ್ಲೇ ಬೇಯುತ್ತದೆ. ಯಾವ ಕೂಲರ್ ಹಾಕಿದರೇನು! ಸೀಟಿ ಕಲ್ಲನ್ನು ಕೋಲಿನಿಂದ ತಿವಿದು ತಿವಿದು ನೋಡಿ, ಆಮೇಲೆ ಊದಿದ. ಮುಳ್ಳು ಕೆಂಪಿನ ಅಂಚಿನಲ್ಲಿತ್ತು.

ಇದು ಕಲ್ಲು. ಜನ ತುಂಬಿದ್ದರೆ ಅವನ ತಪಾಸಣೆ ಎಷ್ಟು ಹೊತ್ತು?

ಮಾರ್ಚ್ 19, ಬುಧವಾರ

ಅಣ್ಣನ ಹತ್ತಿರ ಕೇಳಿದೆ. "ಸೀಟಿ ಊದೋವರೆಗೆ ದಿನಾ ತೂಗಿ ಹಿಡೀತಿದ್ಯಾ?"

"ಇನ್ನೇನು ಮಾಡ್ಲಿ ಪುಟ್ಟಿ? ಹ್ಯಾಂಡ್‌ಬ್ರೇಕ್ ಕೊಡಿ ಅಂದೆ. ಕೂಲರಾದ್ರೂ ಕೊಡಿ ಅಂದೆ. ಗೇಟು ದಾಟಿಸಿ ಆಚೆ ಸಮತಟ್ಟಲ್ಲಿ ತಪಾಸಣೆ ಮಾಡಿ ಅಂದೆ. ಗೇಟು ದಾಟಿದ್ರೆ ಕಳ್ಳಮಾಲು ದಾಟಿದ ಹಾಗೆ ಅಂದ್ರು. ಆವತ್ತು ಆ ಸೀಟಿ, ಸುತ್ತಿಗೆಜ್ಜಿ ಮಗಳ ಬುತ್ತಿ ಡಬ್ಬೀಲಿ ಏನೋ ಕಂಡ ಹಾಗಾಯ್ತು ಅಂತ ಎರಡೆರಡು ಸಲ ಬಿಚ್ಚಿಸಿದ. ಕಾಲು ನಡುಗ್ತಿತ್ತು. ಜಾರ್ಲಿಲ್ಲ. ಗೇರೇ ಬಿಟ್ಟುಹೋಯ್ತು. ಒತ್ತಿದ್ರೂ ಎಂಜಿನ್ ಅರಚ್ತು, ಚಕ್ರ ತಿರುಗ್ಲಿಲ್ಲ."

ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದಳು. "ಈಗಲೂ ಒತ್ತುತ್ತಾರೆ," ಎಂದಳು. "ನಿದ್ದೇಲಿ. ಇರೋ ಒಂದು ಕಾಲಲ್ಲಿ ಮಂಚದ ಹಲಗೆನ ಒತ್ತಿಕೊಂಡೇ ಇರ್ತಾರೆ. ಎಬ್ಬಿಸಿದ್ರೆ, ಜನ ಇಳಿದ್ರಾ ಅಂತ ಕೇಳ್ತಾರೆ."

ಶೆಡ್ಡಿಗೆ ಹೋದವಳೇ ಸೂಪರ್‌ವೈಸರ್‌ಗೆ ಅಡ್ಡ ನಿಂತೆ. ಕೋಣನ ಜೊತೆಯಲ್ಲೇ ಹರಾಜಿನಲ್ಲಿ ಬಂದ ಇನ್ನೊಂದು ಲಾರಿ ಇದೆ, ಕಲ್ಲು ಸಾಗಿಸುವುದು. ಅದರ ಹ್ಯಾಂಡ್‌ಬ್ರೇಕ್ ಕೆಟ್ಟಾಗ, ಎರಡು ದಿನಕ್ಕೆ ಎಂದು ಕೋಣನದ್ದನ್ನು ಬಿಚ್ಚಿಸಿ ಅದಕ್ಕೆ ಹಾಕಿಸಿದವನು ಇವನೇ.

"ಬ್ರೇಕ್ ವಾಪಸ್ ಕೊಡಿ ಸಾರ್."

"ಕಲ್ಲಿನ ಲಾರಿ ನಿಂತ್ರೆ ಕೆಲಸ ನಿಲ್ಲತ್ತಮ್ಮ. ನಿಂಗೆ ಕೂಲರ್ ಕೊಟ್ಟಾಯ್ತಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಲ್ಲು ಜಾರಬಾರದು, ಅದಕ್ಕೆ ಬ್ರೇಕು. ಮನುಷ್ಯರು ಜಾರಿದರೆ ಜಾರಲಿ, ಅವರಿಗೆ ಕೂಲರು. ಕಲ್ಲಿಗೆ ಬೆಲೆಯಿದೆ, ಒಡೆಯುವವರಿಗಿಲ್ಲ. ಇವರ ವಂಶ ಏರಿನಲ್ಲಿ ನಿಲ್ಲಲಿ.

ಮಾರ್ಚ್ 22, ಶನಿವಾರ

ಸೋಮವಾರದಿಂದ ಜನ ಹತ್ತಬೇಕಂತೆ. ನೋಟಿಸು ಅಂಟಿಸಿದ್ದಾರೆ. ನಾನು ಓಡಿಸುವುದಿಲ್ಲ ಎಂದೆ. ಹಾಗಾದರೆ ಆಫೀಸಿನ ಜೀಪಿನ ಹುಡುಗ ಓಡಿಸುತ್ತಾನೆ ಎಂದ ಸೂಪರ್‌ವೈಸರ್. ಅವನಿಗೆ ತೂಗಲು ಬರುವುದಿಲ್ಲ, ಕೋಣನನ್ನು ಇಳಿಸಲೂ ಬರುವುದಿಲ್ಲ.

ಓಡಿಸುತ್ತೇನೆ ಎಂದೆ.

ಮಧ್ಯಾಹ್ನ ಕ್ವಾರಿಯ ತಳಕ್ಕೆ ಇಳಿದು ಅಜ್ಜಿಯ ಪಕ್ಕ ಕೂತೆ. ಎಲ್ಲ ಹೇಳಿದೆ. ಅಣ್ಣನ ಕಾಲು ಜಾರಿರಲಿಲ್ಲ ಎಂದು ಹೇಳಿದೆ. ಅವಳು ಸುತ್ತಿಗೆ ನಿಲ್ಲಿಸಲಿಲ್ಲ. "ನಂಗೆ ಗೊತ್ತಿತ್ತು. ನಿಂಗೆ ಯಾವಾಗ ಗೊತ್ತಾಗತ್ತೆ ಅಂತ ಕಾಯ್ತಿದ್ದೆ," ಎಂದಳು. ಸುತ್ತ ನಾಲ್ಕೈದು ಸುತ್ತಿಗೆಗಳ ಸದ್ದು ನಿಧಾನವಾಯಿತು.

ಮಾರ್ಚ್ 24, ಸೋಮವಾರ

ಅಕ್ಷರ ಸೊಟ್ಟಗಿದ್ದರೆ ಇರಲಿ, ಇವತ್ತಿನದನ್ನು ಇವತ್ತೇ ಬರೆಯಬೇಕು.

ಸಂಜೆ ಜನ ತುಂಬಿ ಏರು ಹತ್ತಿಸಿದೆ. ಮುಳ್ಳು ಹಸಿರಿನಲ್ಲೇ ಇತ್ತು, ನನ್ನ ಕೂಲರ್ ಮಾತಿಗೆ ತಪ್ಪಲಿಲ್ಲ. ಗೇಟು ಮುಚ್ಚಿತ್ತು. ನಿಂತೆ, ತೂಗಿಹಿಡಿದೆ. ಸೀಟಿ ಹಿಂದಿನಿಂದ ಹತ್ತಿ ಚೀಲ, ಡಬ್ಬಿ, ಸೊಂಟದ ಗಂಟುಗಳನ್ನು ಕೋಲಿನಿಂದ ತಿವಿಯತೊಡಗಿದ. ಸಿಡಿಮದ್ದಿನ ತಾಮ್ರದ ತಂತಿ ಕದಿಯುತ್ತಾರಂತೆ ನಮ್ಮವರು. ಗುಡ್ಡವನ್ನೇ ಕದ್ದು ಮಾರುವವನಿಗೆ ತಂತಿಯ ಚಿಂತೆ.

ಹಳದಿ.

"ಬೇಗ ಮುಗ್ಸೋ!" ಎಂದು ಕೂಗಿದೆ.

"ನನ್ನ ಕೆಲಸ ನಂಗೆ ಗೊತ್ತು, ನಿನ್ನ ಕಾಲು ನೀನು ನೋಡ್ಕೋ. ನಿಮ್ಮನೆಯೋರ ಕಾಲು ಜಾರತ್ತೆ."

ಕನ್ನಡಿಯಲ್ಲಿ ಹಿಂದಿನ ಏರು ಕಂಡಿತು. ಬಂಡೆಗೋಡೆಯ ಮೇಲೆ ಕೋಣ ಗೀಚಿದ ಗಾಯ ಹಾಗೇ ಇದೆ. ತೊಡೆ ಸೆಟೆದು ನಡುಕ ಹತ್ತಿತು. ಅಣ್ಣನಿಗೂ ಹೀಗೇ ಹತ್ತಿರಬೇಕು, ಇದೇ ಸೀಟಿನಲ್ಲಿ. ಮುಳ್ಳು ಕೆಂಪಿಗೆ ಮುಟ್ಟಿತು.

"ಅಜ್ಜೀ, ಇಳೀರಿ! ಎಲ್ಲಾ ಇಳೀರಿ! ಚಕ್ರದ ಹಿಂದೆ ಕಲ್ಲು ಹಾಕಿ!"

ಸೀಟಿ ಗಂಟಲು ಹರಿಯುವ ಹಾಗೆ ಕಿರುಚಿದ. "ಯಾರೂ ಇಳೀಬಾರ್ದು! ಇಳಿದೋರಿಗೆ ನಾಳೆ ಕೆಲಸ ಇಲ್ಲ!" ಒಂದು ಗಳಿಗೆ ಯಾರೂ ಕದಲಲಿಲ್ಲ. ಆಮೇಲೆ ದೊಪ್ ಎಂದು ಒಂದು ಸದ್ದು. ಅಜ್ಜಿ. ಆ ವಯಸ್ಸಿನಲ್ಲಿ ಅಷ್ಟೆತ್ತರದಿಂದ ಹಾರಿ, ಮೊಣಕಾಲೂರಿ ಎದ್ದು, ಸೀಟಿಯ ಮುಖಕ್ಕೆ ಹೇಳಿದಳು:

"ನನ್ನ ಮಗಳನ್ನ ಇಲ್ಲೇ ಕೂರ್ಸಿ ತಿವ್ದೆಯಲ್ಲೋ. ಏನ್ ಸಿಕ್ತು? ಡಬ್ಬೀಲಿ ಏನ್ ಸಿಕ್ತೋ ನಿಂಗೆ?"

ಅವನು ಕೋಲು ಕೆಳಗಿಳಿಸಿದ.

ಅಜ್ಜಿ ದಾರಿಬದಿಯ ಕಲ್ಲೊಂದನ್ನು ಹೊಟ್ಟೆಗವಚಿ ತಂದು ಹಿಂದಿನ ಚಕ್ರದ ಹಿಂದೆ ಇಟ್ಟಳು. ಆಮೇಲೆ ದೊಪ್ ದೊಪ್ ದೊಪ್. ಒಬ್ಬೊಬ್ಬರೂ ಇಳಿದು, ಒಬ್ಬೊಬ್ಬರೂ ಒಂದೊಂದು ಕಲ್ಲು. ಕೋಣ ಅವುಗಳ ಮೇಲೆ ಮೈಯೊರಗಿಸಿ ನಿಂತಿತು. ಎಂಜಿನ್ ಆರಿಸಿದೆ. ಬಲಗಾಲು ತೆಗೆದೆ. ಇಷ್ಟು ವರ್ಷ ಧಣಿಯ ಹೊಟ್ಟೆಗೆ ಒಡೆದು ಹಾಕಿದ ಕಲ್ಲು, ಮೊದಲ ಸಲ ನಮ್ಮ ಬೆನ್ನಿಗೆ ನಿಂತಿತು.

ಸೂಪರ್‌ವೈಸರ್ ಓಡಿ ಬಂದ. "ಏನಿದು? ಹಿಂದೆ ಕಲ್ಲಿನ ಲಾರಿ ನಿಂತಿದೆ, ದಾರಿ ಬಿಡಿ!"

"ಅದಕ್ಕೆ ಬ್ರೇಕಿದೆಯಲ್ಲ ಸಾರ್, ನಿಲ್ಲಲಿ ಬಿಡಿ," ಎಂದೆ.

ಯಾರೋ ನಕ್ಕರು, ಎಲ್ಲರೂ ನಕ್ಕರು. ಏರಿನಲ್ಲೇ ಕೂತೆವು. ಬ್ರೇಕು ವಾಪಸು ಬರಬೇಕು, ತಪಾಸಣೆ ಸಮತಟ್ಟಿನಲ್ಲಾಗಬೇಕು, ಡ್ರೈವರ್ ಮೈಮರೆತಿದ್ದ ಎಂಬ ಮಾತನ್ನು ಆಫೀಸಿನವರು ನುಂಗಬೇಕು. ಮೂರನೆಯದನ್ನು ಹೇಳಿದ್ದು ನಾನಲ್ಲ, ಅಜ್ಜಿ. ಬೆಳಕು ಹೋಗುವ ಹೊತ್ತಿಗೆ, ಧಣಿಗೆ ತಿಳಿಸುತ್ತೇನೆ ಎಂದು ಹೇಳಿ ಸೂಪರ್‌ವೈಸರ್ ಗೇಟು ತೆರೆಸಿದ. ಕೋಣನನ್ನು ಅಲ್ಲೇ ಬಿಟ್ಟು ನಡೆದು ಬಂದೆವು.

ಮಾರ್ಚ್ 27, ಗುರುವಾರ

ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಅಜ್ಜಿಯನ್ನೂ. ಕೋಣನಿಂದ ಕೂಲರ್ ಬಿಚ್ಚಿ ಕಲ್ಲಿನ ಲಾರಿಗೆ ಹಾಕಿದ್ದಾರಂತೆ. ಅದಕ್ಕೆ ಬ್ರೇಕೂ ಆಯಿತು, ಕೂಲರೂ ಆಯಿತು. ಧಣಿ ಉತ್ತರ ಕೊಟ್ಟ ರೀತಿ ಇದು.

ಉಳಿದವರು ಕೋಣನನ್ನು ಹತ್ತುತ್ತಿಲ್ಲ. ದುಡಿದು ದಣಿದು, ತಳದಿಂದ ಗೇಟಿನವರೆಗೆ ಕಾಲೆಳೆದುಕೊಂಡು ಹತ್ತುತ್ತಾರೆ. ಎಷ್ಟು ದಿನ ಹತ್ತಿಯಾರು? ಆಗಲೇ ಇಬ್ಬರು ಕೆಲಸ ಬಿಟ್ಟು ಬೇರೆ ಕಡೆ ಹೋದರು. ಮನೆಯಲ್ಲಿ ಅತ್ತಿಗೆ ಡಬ್ಬಗಳ ತಳ ಕೆರೆಯುತ್ತಿದ್ದಾಳೆ. ಆದರೆ ಪಾತ್ರೆ ಕುಕ್ಕುತ್ತಿಲ್ಲ.

ಅಣ್ಣನಿಗೆ ಹೇಳಿದೆ.

"ಕೂಲರ್ ಹೇಗೆ ಕೂರಿಸಿದಾರಂತೆ?"

"ವೆಲ್ಡಿಂಗ್ ಅಂತೆ. ಬುಷ್ಷನ್ನ ಕಿತ್ತು ಬಿಸಾಕಿದಾರೆ."

ಅಣ್ಣ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಏನೋ ಆಯಿತು. ಬೆನ್ನು ನೀವುತ್ತಾ ಕೂತೆ.

ಏಪ್ರಿಲ್ 2, ಬುಧವಾರ

ಅತ್ತಿಗೆ ಆಸ್ಪತ್ರೆಯಿಂದ ಹಳೆಯ ಗಾಲಿಕುರ್ಚಿಯೊಂದನ್ನು ಬೇಡಿ ತಂದಿದ್ದಾಳೆ. ಅದರ ಬ್ರೇಕೂ ಹೋಗಿದೆ. ಈ ಲೋಕದಲ್ಲಿ ನಮ್ಮ ಪಾಲಿಗೆ ಬರುವ ಯಾವುದಕ್ಕೂ ಬ್ರೇಕಿರುವುದಿಲ್ಲ.

ದಿನಾ ಸಂಜೆ ನಾನೂ ಅಜ್ಜಿಯೂ ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇವೆ. ಇವತ್ತು ಅಣ್ಣ, "ನಾನೂ ಬರ್ತೀನಿ," ಎಂದ. ಅತ್ತಿಗೆ ಬೇಡ ಎಂದಳು, ಆಮೇಲೆ ತಾನೇ ಶರಟು ಹಾಕಿದಳು. ನಾನೂ ಅತ್ತಿಗೆಯೂ ತಳ್ಳಿಕೊಂಡು ಹೋದೆವು, ಅಜ್ಜಿ ಗೇಟಿನಲ್ಲಿ ಸೇರಿಕೊಂಡಳು. ಸೀಟಿ ನೋಡಿದ, ಬೇರೆ ಕಡೆ ತಿರುಗಿ ಗೇಟಿನ ಬದಿ ತೆರೆದ. ಏರಿನ ತುದಿಯಲ್ಲಿ, ಕೋಣ ನಿಲ್ಲುತ್ತಿದ್ದ ಜಾಗದಲ್ಲೇ, ಕೋಣನ ಹಾಗೇ ಗೇಟಿಗೆ ಮುಖ ಮಾಡಿ ಕುರ್ಚಿ ನಿಲ್ಲಿಸಿದೆವು.

ಕೆಳಗಿನಿಂದ ಜನ ಹತ್ತಿ ಬರುತ್ತಿದ್ದರು. ಮೊದಲಿಗಿಂತ ಕಡಿಮೆ. ಧೂಳಿನಲ್ಲಿ ಮುಖ ಕಾಣುತ್ತಿರಲಿಲ್ಲ. ಅಣ್ಣ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದ. ಬಲಗಾಲು ಕಾಲುಪಟ್ಟಿಯನ್ನು ಒತ್ತುತ್ತಿತ್ತು, ತೊಡೆ ನಡುಗುತ್ತಿತ್ತು.

ನಾನು ಹೋಗಿ ಕಲ್ಲೊಂದನ್ನು ತಂದು ಗಾಲಿಯ ಹಿಂದೆ ಇಟ್ಟೆ. ಅಜ್ಜಿ ಇನ್ನೊಂದು ಗಾಲಿಗೆ ಇಟ್ಟಳು.

"ಕಲ್ಲಿಟ್ರಾ?" ಅಣ್ಣ ತಿರುಗಿ ನೋಡದೆ ಕೇಳಿದ.

"ಇಟ್ಟಿದೀವಿ ಅಣ್ಣ."

"ಎರಡಕ್ಕೂ?"

"ಎರಡಕ್ಕೂ."

ಅವನು ಉಸಿರು ಬಿಟ್ಟ. ಜನ ಒಬ್ಬೊಬ್ಬರಾಗಿ ಅವನ ಮುಂದೆ ಹಾದು ಹೋದರು. ಕೆಲವರು ಭುಜ ಮುಟ್ಟಿದರು, ಕೆಲವರು ಮುಟ್ಟಲಿಲ್ಲ. ಕೊನೆಯವನೂ ಹತ್ತಿ ಬರುವವರೆಗೆ ನಾನು ಅಣ್ಣನ ಬಲಗಾಲನ್ನೇ ನೋಡುತ್ತಿದ್ದೆ. ಅದು ಪಟ್ಟಿಯ ಮೇಲೆ ಸುಮ್ಮನೆ ಇತ್ತು.